ಜಂಪಿಂಗ್ ರಾಡೂ ಮಂಗಳೂರು ಸೌತೆಯೂ

ಕಾರಿನ ಮುಂದೆ ಎಡಗಡೆಯಿಂದ ಕಟಕಟ ಸದ್ದು ಶುರುವಾಗಿ ಎರಡು ತಿಂಗಳಾಗಿತ್ತು. ಮೊದಲು ಡಿಕ್ಕಿಯಲ್ಲಿದ್ದ ಜಾಕ್ ತೆಗೆದೆ. ಆಮೇಲೆ ಸ್ಪ್ಯಾನರ್ ಚೀಲ, ಕೊಡೆ, ಕೊನೆಗೆ ಡ್ಯಾಶ್‌ಬೋರ್ಡಿನ ಗಣಪನನ್ನೂ ಇಳಿಸಿದೆ. ಅವನದೇನೂ ತಪ್ಪಿಲ್ಲ ಅಂತ ಗೊತ್ತಾದ ಮೇಲೆ ಕೆನ್ನೆ ಬಡಿದುಕೊಂಡು ವಾಪಸ್ ಕೂರಿಸಿದೆ.

ಗ್ಯಾರೇಜಿನವರು “ಶಾಕಬ್ಸರ್ ಹೋಗಿದೆ ಸಾರ್” ಅಂದರು. ಎರಡೂ ಹೊಸದಾದವು. ಈಗ ಸದ್ದು ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು.

ಮೆಕ್ಯಾನಿಕ್ ಪಕ್ಕದಲ್ಲಿ ಕೂತರೆ ಮಾತ್ರ ಸದ್ದೇ ಇಲ್ಲ. ದೊಡ್ಡ ಹಂಪ್ ಹತ್ತಿಸುತ್ತೇನೆ, ಕಾರು ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮೌನ. ಅವರನ್ನು ಇಳಿಸಿ ಹತ್ತು ಮಾರು ಹೋದರೆ, ಕಟಕಟ. ಸದ್ದು ಗ್ಯಾರಂಟಿ ಬರುವ ಗುಂಡಿಯೊಂದು ನನಗೆ ಗೊತ್ತಿತ್ತು. ಅಲ್ಲಿಗೇ ಕರೆದುಕೊಂಡು ಹೋದೆ. ಎರಡು ವರ್ಷದಿಂದ ಬಾಯಿ ತೆರೆದುಕೊಂಡಿದ್ದ ಗುಂಡಿಯನ್ನು ಹಿಂದಿನ ರಾತ್ರಿಯಷ್ಟೇ ಮುಚ್ಚಿದ್ದರು!

ಕೊನೆಗೆ ಸಿಕ್ಕವರು ಒಬ್ಬ ಹಳೇ ಮೆಕ್ಯಾನಿಕ್. ಲಿಫ್ಟ್ ಇಲ್ಲ, ಚಾಪೆ ಇದೆ. ಕಾರಿನಡಿ ಕೈ ಹಾಕಿ ಏನನ್ನೋ ಅಲ್ಲಾಡಿಸಿದರು. ಕಟಕಟ! “ಜಂಪಿಂಗ್ ರಾಡ್ ಲಿಂಕ್ ಹೋಗಿದೆ.”

ಪುಸ್ತಕದಲ್ಲಿ ಇದರ ಹೆಸರು ಸ್ಟೆಬಿಲೈಸರ್ ಬಾರ್. ಕಾರು ಓಲಾಡದ ಹಾಗೆ ಹಿಡಿಯುವ ಸರಳಿಗೆ ಜಂಪಿಂಗ್ ರಾಡ್ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ. ಎಡ ಚಕ್ರದಿಂದ ಬಲ ಚಕ್ರದವರೆಗೆ ಹೋಗುವ ಉಕ್ಕಿನ ಸರಳು ಅದು. ಎರಡೂ ಚಕ್ರ ಒಟ್ಟಿಗೆ ಎದ್ದರೆ ತನ್ನನ್ನು ಹಿಡಿದಿರುವ ರಬ್ಬರ್ ಬುಷ್ ಒಳಗೆ ಸುಮ್ನೆ ತಿರುಗುತ್ತದೆ. ಒಂದೇ ಎದ್ದರೆ ಮೈ ತಿರುಚಿಕೊಂಡು, ಎಲ್ಲಿಗೆ ಹೊರಟೆ ಅಂತ ಹಿಡಿದೆಳೆಯುತ್ತದೆ. ಅದರ ತುದಿಯಲ್ಲಿರುವ ಗೇಣುದ್ದದ ಲಿಂಕ್ ಸವೆದಿತ್ತು. ನಾನು ಶ್ರದ್ಧೆಯಿಂದ ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿಸುತ್ತಿದ್ದೆ. ಸದ್ದು ಎಲ್ಲಿಂದ ಬರಬೇಕು?

ಹೊಸ ಲಿಂಕ್ ಬರಲು ಎರಡು ದಿನ. “ಬಿಚ್ಚಿಟ್ಟಿದ್ದೀನಿ, ನಿಧಾನ ಓಡ್ಸಿ” ಅಂದರು. ಅಷ್ಟರಲ್ಲೇ ಅಮ್ಮನನ್ನು ಉಡುಪಿಯಿಂದ ತೀರ್ಥಹಳ್ಳಿಗೆ ಕರೆತರಬೇಕಾಯಿತು. ಮಧ್ಯೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಪ್ರತಿ ತಿರುವಿನಲ್ಲೂ ಕಾರು ತೇರಿನ ಹಾಗೆ ವಾಲಿತು. ಅಮ್ಮ ತಂದ ನಾಲ್ಕು ಮಂಗಳೂರು ಸೌತೆಕಾಯಿ ಚೀಲದಿಂದ ಹೊರಬಿದ್ದು, ಡಿಕ್ಕಿಯಲ್ಲಿ ಆ ಕಡೆಯಿಂದ ಈ ಕಡೆಗೆ ದುಡುಂ, ಈ ಕಡೆಯಿಂದ ಆ ಕಡೆಗೆ ದುಡುಂ. ಅಮ್ಮ ಕಣ್ಣು ಮುಚ್ಚಿಕೊಂಡು, ಆ ಸದ್ದಿನ ಮೇಲೇ ತಿರುವು ಎಣಿಸಿದರು. ಹನ್ನೊಂದನೆಯದಕ್ಕೆ ದೇವರ ಹೆಸರು ಶುರುವಾಯಿತು.

ಮನೆಯಲ್ಲಿ ಲೆಕ್ಕ ಹಾಕಿದರೆ ಮೂರೇ ಸೌತೆ. “ನಾಲ್ಕು ತಂದಿದ್ದೆ” ಅಂತ ಅಮ್ಮ ನನ್ನನ್ನೇ ನೋಡಿದರು. ಕಾರು ಓಲಾಡಿಸುವವನು ಸೌತೆ ಕದಿಯಲಾರನೇ, ಅಲ್ವಾ?

ಆ ರಾತ್ರಿ ಮೊಬೈಲ್ ಹಿಡಿದು ಕೂತೆ. ಈ ಸರಳಿಗೆ ಕೆನಡಾದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ 1919ರಲ್ಲೇ ಪೇಟೆಂಟ್ ಪಡೆದಿದ್ದನಂತೆ. ನನಗೆ ಗೊತ್ತಾಗಲು ನೂರು ವರ್ಷ ಜಾಸ್ತಿಯೇ ಬೇಕಾಯಿತು.

ಮೂರನೇ ದಿನ ಹೊಸ ಲಿಂಕ್ ಹಾಕಿದರು. ಬೇಕಂತಲೇ ಗುಂಡಿಗೆ ಇಳಿಸಿದೆ. ಕಟಕಟ ಇಲ್ಲ. ಖುಷಿಯಿಂದ ಎಡಕ್ಕೆ ತಿರುಗಿಸಿದೆ. ಹಿಂದೆಲ್ಲೋ ಗುಡುಗುಡು... ದುಡುಂ!

ಹೋದ ಜೀವ ಹಿಡಿದುಕೊಂಡು ಗ್ಯಾರೇಜಿಗೆ ವಾಪಸ್ ಬಂದೆ. ಮೆಕ್ಯಾನಿಕ್ ಡಿಕ್ಕಿ ತೆರೆದು, ಸ್ಟೆಪ್ನಿಯ ಹಿಂದೆ ಕೈ ಹಾಕಿ, ಸೌತೆಕಾಯಿ ಹೊರತೆಗೆದರು. ಒರೆಸಿದರು. ತೂಕ ನೋಡಿದರು.

“ಲೇಬರ್ ಚಾರ್ಜ್ ಬೇಡ ಸಾರ್. ಇದನ್ನ ಇಟ್ಕೋತೀನಿ, ಹುಳಿಗಾಗತ್ತೆ.”