ರೇಡ್ ಮುಗಿದ ಮೇಲೆ ಶುರುವಾಗುವ ಕೆಲಸ

ಕಳೆದ ವಾರ ಹಳೆಯ ಗೆಳತಿ ಫೋನ್ ಮಾಡಿದ್ದಳು. ಅವಳಿರುವ ಸಂಸ್ಥೆಗೆ ಒಂದು ಫಾರಂ ಬಂದಿದೆಯಂತೆ. ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದವರನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಏನೇನು ಬೇಕು ಎಂದು ತಿಳಿದುಕೊಳ್ಳುವ ಫಾರಂ. ಎಷ್ಟು ಹಾಸಿಗೆ ಇದೆ, ಎಷ್ಟು ಶೌಚಾಲಯ, ಸಿಸಿ ಕ್ಯಾಮೆರಾ ಉಂಟಾ, ಕಳೆದ ವರ್ಷ ಎಷ್ಟು ಜನರನ್ನು ರಕ್ಷಿಸಿದಿರಿ, ಎಷ್ಟು ಜನಕ್ಕೆ ಪುನರ್ವಸತಿ ಆಯಿತು. ಹೀಗೇ ಪುಟಗಟ್ಟಲೆ. "ನಮಗೆ ನಿಜವಾಗಿ ಬೇಕಾಗಿರೋದನ್ನ ಬರೆಯೋಕೆ ಇದರಲ್ಲಿ ಜಾಗಾನೇ ಇಲ್ಲ ಕಣೆ, ಏನು ಮಾಡ್ಲಿ?" ಅಂದಳು.

ನಾನು ಒಂಬತ್ತು ವರ್ಷ ಬೆಂಗಳೂರಿನ ಒಂದು ಆಶ್ರಯ ಮನೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಆ ಕೆಲಸ ಬಿಟ್ಟಿದ್ದೇನೆ, ಆದರೆ ಆ ಮನೆಯ ರಾತ್ರಿಗಳು ನನ್ನನ್ನು ಬಿಟ್ಟಿಲ್ಲ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗಬಹುದು.

ಟಿವಿಯಲ್ಲಿ ನಾವು ನೋಡುವುದು ರೇಡ್. ಪೊಲೀಸ್ ಜೀಪು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡ ಹೆಣ್ಣುಮಕ್ಕಳು, ಮಾರನೇ ದಿನ ಪೇಪರಿನಲ್ಲಿ ಎಷ್ಟು ಜನರ ರಕ್ಷಣೆ ಅನ್ನುವ ಸಂಖ್ಯೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಅದೇ ರಾತ್ರಿ ಎರಡು ಗಂಟೆಗೆ ಅವರು ಒಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಾಗಿಲು ತೆಗೆಯುವವಳು ರಾತ್ರಿ ಪಾಳಿಯ ಗೃಹಮಾತೆ. ಅವಳೊಬ್ಬಳೇ ಇರುತ್ತಾಳೆ. ಬಂದವರ ಕಾಲಿಗೆ ಚಪ್ಪಲಿ ಇರುವುದಿಲ್ಲ, ಇನ್ನೊಂದು ಜೊತೆ ಬಟ್ಟೆ ಇರುವುದಿಲ್ಲ, ಕೆಲವರಿಗೆ ಮುಟ್ಟಾಗಿರುತ್ತದೆ. ನಮ್ಮ ಗೃಹಮಾತೆ ತನ್ನ ಸಂಬಳದಲ್ಲೇ ಪ್ಯಾಡು, ಒಳಬಟ್ಟೆ ತಂದು ಬೀರುವಿನಲ್ಲಿ ಇಟ್ಟಿರುತ್ತಿದ್ದಳು. ಬಿಲ್ ಯಾವ ಖರ್ಚಿನ ಲೆಕ್ಕಕ್ಕೆ ಹಾಕಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ.

ಒಂದು ರಾತ್ರಿ ಮೂವರು ಬಂದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರು ಹಿಂದಿ ಆಡುತ್ತಿದ್ದರು. ಮೂರನೆಯವಳು ಮಾತೇ ಆಡಲಿಲ್ಲ. ನನಗೆ ಬರುವ ಅರೆಬರೆ ಹಿಂದಿಯಲ್ಲಿ ಕೇಳಿದೆ. ಏನು ಕೇಳಿದರೂ 'ಹಾಂ'. ವಯಸ್ಸು ಹತ್ತೊಂಬತ್ತಾ? ಹಾಂ. ಕೋಲ್ಕತ್ತಾನಾ? ಹಾಂ. ನೀನಾಗೇ ಬಂದೆಯಾ? ಹಾಂ. ಕಾಗದದಲ್ಲಿ ಅದೇ ಹೋಯಿತು. ನಾಲ್ಕು ದಿನ ಬಿಟ್ಟು ಬಂಗಾಳಿ ಬರುವ ಕಾಲೇಜು ಹುಡುಗಿಯೊಬ್ಬಳನ್ನು ಯಾರೋ ಕರೆತಂದರು. ಅವಳ ಪಕ್ಕದಲ್ಲಿ ಕೂತು ಅರ್ಧ ಗಂಟೆ ಮಾತಾಡಿದಳು, ಅಷ್ಟೇ. ಆ ಮೂರನೆಯವಳಿಗೆ ಹದಿನಾರು, ಊರು ಬಾಂಗ್ಲಾದೇಶದಲ್ಲಿ, ಗಡಿ ಪಕ್ಕ, ಬ್ಯೂಟಿ ಪಾರ್ಲರ್ ಕೆಲಸ ಅಂತ ನಂಬಿಸಿ ಕರೆತಂದಿದ್ದರು.

ಇದು ಸುಮ್ನೆ ಅನುವಾದದ ಸಮಸ್ಯೆ ಅಲ್ಲ. ಹದಿನೆಂಟು ದಾಟಿದವಳಾದರೆ ಅವಳ ಕೇಸು ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ, 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ ಪ್ರಕಾರ. ಅಲ್ಲಿ ಒಂದರಿಂದ ಮೂರು ವರ್ಷದವರೆಗೂ ರಕ್ಷಣಾ ಗೃಹದಲ್ಲಿ ಇಡಲು ಆದೇಶ ಆಗಬಹುದು. ಹದಿನೆಂಟರ ಒಳಗಿನವಳಾದರೆ ಅವಳು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು, ಆರೋಪಿಗಳ ಮೇಲೆ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ, ಬೀಳಬೇಕು. ಬೇರೆ ದೇಶದವಳಾದರೆ ಅವಳ ಪೌರತ್ವ ಖಚಿತವಾಗಿ ಊರಿಗೆ ಕಳಿಸುವ ದಾರಿಯೇ ಬೇರೆ. ಒಂದು 'ಹಾಂ'ನಿಂದ ಸಮಿತಿ, ಪೋಕ್ಸೋ, ಊರಿನ ದಾರಿ ಮೂರೂ ತಪ್ಪಿದವು. ಮೊದಲ ಹೇಳಿಕೆ ತಿದ್ದಿಸಲು ನಮಗೆ ತಿಂಗಳುಗಳು ಹಿಡಿದವು, ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿದುಕೊಂಡಿದ್ದೂ ಅದನ್ನೇ, ಮೊದಲು ಹತ್ತೊಂಬತ್ತು ಅಂದಿದ್ದೆ, ಈಗ ಹದಿನಾರು ಅನ್ನುತ್ತಿದ್ದೀಯ ಅಂತ. ಆ ರಾತ್ರಿ ನಮಗೆ ಬೇಕಾಗಿದ್ದುದು ಹೊಸ ಕಟ್ಟಡ ಅಲ್ಲ, ಬಂಗಾಳಿ ಬಲ್ಲ ಒಂದು ದನಿ. ಫಾರಂನಲ್ಲಿ ಭಾಷೆಗೆ ಕಾಲಂ ಇಲ್ಲ.

ಇಟ್ಟಿಗೆ ಗೂಡಿನ ಕೇಸುಗಳಲ್ಲೂ ಇದೇ ಕಥೆ, ಸ್ವಲ್ಪ ಬೇರೆ ಥರ. ಒಡಿಶಾದ ಬಲಾಂಗೀರ್ ಕಡೆಯಿಂದ ನುವಾಖಾಯಿ ಹಬ್ಬ ಮುಗಿಸಿಕೊಂಡು ಮನೆಮಂದಿಯೆಲ್ಲ ಹೊರಡುತ್ತಾರೆ, ಮೇಸ್ತ್ರಿ ಕೈಯಲ್ಲಿ ಮುಂಗಡ ತೆಗೆದುಕೊಂಡಿರುತ್ತಾರೆ. ಆ ಸಾಲ ತೀರುವವರೆಗೂ ಗೂಡು ಬಿಟ್ಟು ಹೋಗುವ ಹಾಗಿಲ್ಲ. 1976ರಲ್ಲೇ ಜೀತ ರದ್ದಾಗಿದೆ, ಸಂವಿಧಾನದ 23ನೇ ವಿಧಿ ಅದಕ್ಕೂ ಮೊದಲೇ ಇದೆ. ಬಿಡಿಸಿದ ಮೇಲೆ ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಕಚೇರಿಯಿಂದ ಬಿಡುಗಡೆ ಪತ್ರ ಸಿಗಬೇಕು. ಆ ಪತ್ರ ಇಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ. ಕೇಂದ್ರದ 2016ರ ಯೋಜನೆಯಲ್ಲಿ ತಕ್ಷಣದ ನೆರವು 20,000 ರೂಪಾಯಿ ಇತ್ತು, ಈಗ ಅದು 30,000. ದೊಡ್ಡ ಮೊತ್ತ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ. ಆದರೆ ಆ ದೊಡ್ಡ ಮೊತ್ತವನ್ನು ಕೇಸಿನ ತೀರ್ಪಿಗೆ ಕಟ್ಟಿಹಾಕಿದ್ದಾರೆ. ಕೇಸು ಇಲ್ಲಿ ನಡೆಯುತ್ತದೆ, ಮನುಷ್ಯ ಸಾವಿರ ಕಿಲೋಮೀಟರ್ ಆಚೆ ಇರುತ್ತಾನೆ, ಬ್ಯಾಂಕ್ ಖಾತೆ ಇರುವುದಿಲ್ಲ, ಆಧಾರ್ ಮಾಲೀಕನ ಹತ್ತಿರ ಉಳಿದುಬಿಟ್ಟಿರುತ್ತದೆ. ಇದರ ಹಿಂದೆ ಬಿದ್ದು ಎರಡು ರಾಜ್ಯದ ಕಚೇರಿಗಳಿಗೆ ಪತ್ರ ಬರೆಯುತ್ತಾ ಕೂರುವ ಒಬ್ಬ ಮನುಷ್ಯ ಬೇಕು. ಅದಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳಲು ನಮಗೆ ಯಾವ ಅನುದಾನದಲ್ಲೂ ದುಡ್ಡು ಸಿಗಲಿಲ್ಲ.

ಗಂಡಸರನ್ನು ಎಲ್ಲಿ ಇಡುವುದು ಅನ್ನುವುದು ಇನ್ನೊಂದು ಪ್ರಶ್ನೆ. ಕಾಂಬೋಡಿಯಾ, ಮ್ಯಾನ್ಮಾರ್ ಕಡೆ ಕೆಲಸ ಅಂತ ಹೋಗಿ, ಕಂಪ್ಯೂಟರ್ ಮುಂದೆ ಕೂರಿಸಿ ಮೋಸದ ಕೆಲಸ ಮಾಡಿಸಿಕೊಂಡು, ಹೊಡೆಸಿಕೊಂಡು ವಾಪಸ್ ಬಂದ ನಮ್ಮ ರಾಜ್ಯದ ಹುಡುಗರೂ ಇದ್ದಾರೆ. ವಿಮಾನ ಇಳಿದ ಮೇಲೆ ಅವರು ಯಾರ ಹತ್ತಿರ ಹೋಗಬೇಕು? ನಮ್ಮಲ್ಲಿರುವ ಆಶ್ರಯ ಮನೆಗಳು ಬಹುತೇಕ ಹೆಂಗಸರಿಗೆ, ಮಕ್ಕಳಿಗೆ. ಅದು ತಪ್ಪಲ್ಲ. ಆದರೆ ಗಂಡಸಿನ ಸಂಕಟಕ್ಕೆ ಒಂದು ಬಾಗಿಲೂ ಇಲ್ಲದಿರುವುದು ತಪ್ಪು.

ಈಗ ಕೆಲಸ ಮಾಡುವವರ ವಿಷಯ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅನುದಾನ ವರ್ಷದ ಲೆಕ್ಕ. ಗೌರವಧನ ಬರುವುದು ಎಷ್ಟೋ ಸಲ ಆರು ತಿಂಗಳು ತಡವಾಗಿ. ಸಮಾಲೋಚಕಿಯರು ಗುತ್ತಿಗೆ ಮೇಲೆ ಇರುತ್ತಾರೆ, ವರ್ಷ ತುಂಬುವಷ್ಟರಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಅವರದ್ದೂ ತಪ್ಪಿಲ್ಲ, ಮನೆ ಬಾಡಿಗೆ ಕಟ್ಟಬೇಕಲ್ವಾ. ಆದರೆ ಎಂಟು ತಿಂಗಳು ಬಾಯಿ ಬಿಡದ ಹುಡುಗಿ ಒಂಬತ್ತನೇ ತಿಂಗಳಲ್ಲಿ ಒಬ್ಬಳನ್ನು ನಂಬಿ ಎಲ್ಲಾ ಹೇಳಿರುತ್ತಾಳೆ. ಆ ಒಬ್ಬಳು ಹೋದ ಮೇಲೆ ಹೊಸಬಳು ಬಂದು "ಮೊದಲಿಂದ ಹೇಳಮ್ಮಾ" ಅಂದರೆ ಹೇಗಾಗಬೇಡ? ಕೋರ್ಟಿನ ಸಮನ್ಸ್ ಬರುವುದು ಇನ್ನೂ ನಾಲ್ಕೈದು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿರುತ್ತದೆ, ಗಂಡನಿಗೆ ಏನೂ ಗೊತ್ತಿರುವುದಿಲ್ಲ, ಪೊಲೀಸರು ಮನೆ ಬಾಗಿಲಿಗೇ ಬಂದು ಸಮನ್ಸ್ ಕೊಡುತ್ತಾರೆ. ವಿಡಿಯೊ ಮೂಲಕ ಸಾಕ್ಷಿ ಹೇಳುವ ದಾರಿ ಈಗ ಇದೆ. ಆದರೆ ಅವಳನ್ನು ಮೊದಲೇ ಸಿದ್ಧ ಮಾಡಿ, ಅವತ್ತು ಪಕ್ಕದಲ್ಲಿ ಕೂರುವವರು ಬೇಕು, ಮತ್ತು ಅವರು ಅವಳ ಗುರುತಿನವರಾಗಿರಬೇಕು.

ಕೇಳಿಸಿಕೊಳ್ಳುವವರಿಗೂ ಏನೋ ಆಗುತ್ತದೆ. ನನಗೆ ಆರನೇ ವರ್ಷದಲ್ಲಿ ನಿದ್ದೆ ಹೋಯಿತು. ಮಗಳು ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ ಕೈ ನಡುಗುತ್ತಿತ್ತು. ನಮಗೂ ಯಾರಾದರೂ ಬೇಕು ಅಂತ ಕೇಳಲು ನಾಚಿಕೆ ಆಗುತ್ತಿತ್ತು, ಆ ಹುಡುಗಿಯರ ಮುಂದೆ ನಮ್ಮದೇನು ಮಹಾ ಅನ್ನಿಸಿ. ಈಗ ಅನ್ನಿಸುತ್ತದೆ, ಕೇಳಬೇಕಿತ್ತು.

ದುಡ್ಡಿನ ದಾರಿಯೂ ಕಿರಿದಾಗಿದೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ದೊಡ್ಡ ಸಂಸ್ಥೆಗಳು ತಮಗೆ ಬಂದ ದೇಣಿಗೆಯನ್ನು ಸಣ್ಣ ಸಂಸ್ಥೆಗಳಿಗೆ ಕೊಡುವ ಹಾಗಿಲ್ಲ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಜಿಲ್ಲೆಗಳಲ್ಲಿ ಎರಡು ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರಿಗೆ ಏಟು ಬಿದ್ದಿತು. ಸರ್ಕಾರದ ಕಡೆಯಿಂದ 2007ರಲ್ಲಿ ಕಳ್ಳಸಾಗಣೆಗೆ ಒಳಗಾದವರಿಗೆಂದೇ ಉಜ್ವಲಾ ಯೋಜನೆ ಬಂದಿತ್ತು, ಗ್ಯಾಸ್ ಉಜ್ವಲಾ ಅಲ್ಲ, ಅದಕ್ಕಿಂತ ಹಳೆಯದು. ಈಗ ಅದನ್ನೂ ಕಷ್ಟದಲ್ಲಿರುವ ಹೆಂಗಸರಿಗಿದ್ದ ಸ್ವಾಧಾರ ಗೃಹವನ್ನೂ ಸೇರಿಸಿ ಶಕ್ತಿ ಸದನ ಮಾಡಿದ್ದಾರೆ. ಗಂಡನ ಹೊಡೆತ ತಾಳದೆ ಬಂದವಳಿಗೂ, ಹೊರಗೆ ಏಜೆಂಟ್ ಕಾಯುತ್ತಿರುವ ಹುಡುಗಿಗೂ ಬೇಕಾದ ಕಾವಲು ಒಂದೇ ಅಲ್ಲ. ಒಂದೇ ಸೂರಿನಡಿ ಇಬ್ಬರನ್ನೂ ನೋಡಿಕೊಳ್ಳುವುದಾದರೆ ಸಿಬ್ಬಂದಿ ಜಾಸ್ತಿ ಬೇಕು, ಕಡಿಮೆ ಅಲ್ಲ.

ಸಂಸ್ಥೆಗಳನ್ನು ಕೇಳಿದರೆ ದುಡ್ಡು ದುಡ್ಡು ಅನ್ನುತ್ತವೆ, ಒಳಗೆ ಏನು ನಡೆಯುತ್ತದೋ ಯಾರಿಗೆ ಗೊತ್ತು ಅನ್ನುವವರಿದ್ದಾರೆ. ಆ ಅನುಮಾನ ನನಗೂ ಇದೆ. ಬಿಹಾರದ ಮುಜಫ್ಫರ್‌ಪುರದ್ದು ಸರ್ಕಾರದ ದುಡ್ಡಿನಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ಬಾಲಕಿಯರ ಮನೆ. ಅಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದ ಅತ್ಯಾಚಾರ 2018ರಲ್ಲಿ ಹೊರಬಂದಿದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಮಾಡಿದ ಸಾಮಾಜಿಕ ಪರಿಶೋಧನೆಯಿಂದ. ಅವರು ಆ ಮನೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡಿದರು. 2020ರ ಜನವರಿಯಲ್ಲಿ ದೆಹಲಿಯ ಕೋರ್ಟು 19 ಜನರನ್ನು ಅಪರಾಧಿಗಳು ಎಂದಿತು. ಅಂಚೆಯಲ್ಲಿ ಕಳಿಸಿದ ಫಾರಂನಿಂದ ಅದು ಗೊತ್ತಾಗುತ್ತಿತ್ತಾ? ಸಂಸ್ಥೆಗೆ ಏನು ಕಡಿಮೆ ಇದೆ ಅನ್ನುವುದೂ, ಸಂಸ್ಥೆ ಏನು ಮುಚ್ಚಿಡುತ್ತಿದೆ ಅನ್ನುವುದೂ ತಿಳಿಯುವುದು ಒಂದೇ ಕಡೆ, ಆ ಮನೆಯಲ್ಲಿ ಮಲಗುವವರ ಬಾಯಿಂದ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೂಡ ರಾಜ್ಯಗಳಿಗೆ ಹೇಳಿತ್ತು, ರಕ್ಷಣಾ ಗೃಹಗಳಲ್ಲಿ ಸಮೀಕ್ಷೆ ಮಾಡಿ, ವಯಸ್ಕ ಹೆಂಗಸರನ್ನು ಅವರ ಇಷ್ಟಕ್ಕೆ ವಿರುದ್ಧ ಇಟ್ಟುಕೊಂಡಿದ್ದರೆ ಬಿಡುಗಡೆ ಮಾಡಿ ಅಂತ. ನಮ್ಮ ಮನೆಯಲ್ಲೂ ಅಂಥವರಿದ್ದರು. "ಅಕ್ಕಾ, ನನ್ನನ್ನ ಯಾಕೆ ಇಲ್ಲಿ ಇಟ್ಟಿದ್ದೀರಾ? ನನ್ನ ಮಗು ಊರಲ್ಲಿದೆ" ಅಂತ ಒಬ್ಬಳು ದಿನಾ ಕೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಟೈಲರಿಂಗ್ ತರಬೇತಿ ಅಲ್ಲ, ಒಬ್ಬ ವಕೀಲ.

ಹಾಗಾಗಿ ಗೆಳತಿಗೆ ಹೇಳಿದೆ, ಫಾರಂ ತುಂಬಿಸು, ಜೊತೆಗೆ ನಾಲ್ಕು ಹಾಳೆ ಬೇರೆ ಪಿನ್ ಮಾಡು. ಒಂದು ಹಾಳೆ ನಿಮ್ಮ ಗೃಹಮಾತೆ ಹೇಳಿದ್ದು. ಒಂದು ಅಡುಗೆಯವರು ಹೇಳಿದ್ದು. ಎರಡು ಹಾಳೆ ಅಲ್ಲಿರುವ ಹೆಣ್ಣುಮಕ್ಕಳು ಹೇಳಿದ್ದು, ಹೆಸರಿಲ್ಲದೆ. ಮೊನ್ನೆ ಅವಳು ಮೆಸೇಜ್ ಮಾಡಿದ್ದಳು. ಗೃಹಮಾತೆಯ ಹಾಳೆಯಲ್ಲಿ ಮೊದಲು ಇದ್ದದ್ದು ರಾತ್ರಿ ಪಾಳಿಗೆ ಇನ್ನೊಬ್ಬರು ಬೇಕು ಅನ್ನುವುದು, ಆಮೇಲೆ ಬೇರೆ ಬೇರೆ ಅಳತೆಯ ಚಪ್ಪಲಿ. ಹೆಣ್ಣುಮಕ್ಕಳ ಹಾಳೆಯಲ್ಲಿ ಜಾಸ್ತಿ ಜನ ಕೇಳಿದ್ದು ತಮ್ಮ ಕೇಸು ಎಲ್ಲಿಗೆ ಬಂತು ಅಂತ ತಿಂಗಳಿಗೊಮ್ಮೆ ಯಾರಾದರೂ ಬಂದು ಹೇಳಲಿ, ಅಮ್ಮನ ಜೊತೆ ಫೋನಿನಲ್ಲಿ ಮಾತಾಡಲು ಬಿಡಲಿ.

ನಿಮ್ಮ ಪೈಕಿ ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿ ಚೆನ್ನಾಗಿ ಬರುವ ಹೆಂಗಸರು ಯಾರಾದರೂ ಇದ್ದರೆ, ರಾತ್ರಿ ಹೊತ್ತು ಫೋನಿನಲ್ಲಿ ಮಾತಾಡಿಕೊಡಲು ಆಗುವುದಾದರೆ, ನನಗೆ ಇನ್‌ಬಾಕ್ಸ್ ಮಾಡಿ. ನಿಮ್ಮ ಗುರುತು, ಹಿನ್ನೆಲೆ ವಿಚಾರಿಸುತ್ತಾರೆ, ಎರಡು ದಿನದ ತರಬೇತಿ ಇರುತ್ತದೆ. ಕೇಳಿಸಿಕೊಂಡದ್ದನ್ನು ಮನೆಯವರಿಗೂ ಹೇಳುವಂತಿಲ್ಲ. ಸಂಬಳ ಇಲ್ಲ, ಸದ್ಯಕ್ಕೆ. ಅದನ್ನೂ ಗೆಳತಿ ಹಾಳೆಯಲ್ಲಿ ಬರೆದಿದ್ದಾಳೆ.