ಸಬ್ಸಿಡಿ ತೆಗೆದದ್ದೊಂದೇ ಕಾರಣವಲ್ಲ

ನ್ಯೂಜಿಲೆಂಡ್ 1984ರಿಂದ ಕೃಷಿ ಸಬ್ಸಿಡಿಗಳನ್ನು ಕೈಬಿಟ್ಟದ್ದರಿಂದಲೇ ಅದರ ಹೈನುಗಾರಿಕೆ ಜಾಗತಿಕ ಮಾರುಕಟ್ಟೆಯಲ್ಲಿ ಗೆದ್ದಿತು, ಭಾರತವೂ ಹಾಗೆಯೇ ಮಾಡಬೇಕು ಎಂದು ಲೇಖನವೊಂದರಲ್ಲಿ ಓದಿದ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಸುಧಾರಣೆಯಿಂದ ಅಲ್ಲಿನ ರೈತರು ಖರ್ಚಿನ ಬಗ್ಗೆ ಎಚ್ಚೆತ್ತರು, ನಿಜ. ಆದರೆ ವರ್ಷದ ಬಹುಭಾಗ ಹಸುಗಳು ಹುಲ್ಲುಗಾವಲಿನಲ್ಲೇ ಮೇಯಬಲ್ಲ ಹವಾಮಾನದಿಂದಾಗಿ ಪಶು ಆಹಾರ ಮತ್ತು ಕೊಟ್ಟಿಗೆಯ ವೆಚ್ಚ ಅಲ್ಲಿ ಮೊದಲಿನಿಂದಲೂ ಕಡಿಮೆ. ಸುಮಾರು 50 ಲಕ್ಷ ಜನರ ದೇಶವಾದ್ದರಿಂದ ಹಾಲಿನ ಬಹುಪಾಲು ರಫ್ತಿಗೇ ಉಳಿಯುತ್ತದೆ. ಆ ಹಾಲನ್ನು ಸಂಸ್ಕರಿಸಿ ರಫ್ತು ಮಾಡುವ, 2001ರಲ್ಲಿ ರೂಪುಗೊಂಡ ಫಾಂಟೆರಾ ಕೂಡ ರೈತರದೇ ಸಹಕಾರ ಸಂಸ್ಥೆ. ಸಬ್ಸಿಡಿ ತೆಗೆದದ್ದಕ್ಕೆ ಇನ್ನೊಂದು ಮುಖವೂ ಇದೆ: 1980ರ ದಶಕದ ಆರಂಭದಲ್ಲಿ 7 ಕೋಟಿಯಷ್ಟಿದ್ದ ಅಲ್ಲಿನ ಕುರಿಗಳ ಸಂಖ್ಯೆ ಈಗ 3 ಕೋಟಿಗಿಂತ ಕೆಳಗಿದೆ.

ಅಲ್ಲಿ ಒಂದು ಹಿಂಡಿನಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳಿದ್ದರೆ, ಮಂಡ್ಯ, ಹಾಸನ, ಕೋಲಾರದ ಹಳ್ಳಿಗಳಲ್ಲಿ ಎರಡು ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಕುಟುಂಬಗಳೇ ಹೆಚ್ಚು, ಮತ್ತು ಆ ದುಡಿಮೆಯ ದೊಡ್ಡ ಪಾಲು ಹೆಂಗಸರದು. 2019ರ ನವೆಂಬರ್‌ನಲ್ಲಿ ಭಾರತವು ನ್ಯೂಜಿಲೆಂಡ್ ಸಹ ಇದ್ದ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹಿಂದೆ ಸರಿಯಲು, ಅಗ್ಗದ ಹಾಲಿನ ಉತ್ಪನ್ನಗಳ ಆಮದಿನ ಬಗ್ಗೆ ಈ ಕುಟುಂಬಗಳಿಗಿದ್ದ ಆತಂಕವೂ ಒಂದು ಕಾರಣವಾಗಿತ್ತು, ಅದು ನ್ಯಾಯವಾದ ಆತಂಕವೇ ಆಗಿತ್ತು. ಸ್ಪರ್ಧಾಶಕ್ತಿ ಬೇಕೆನ್ನುವವರು ಸಬ್ಸಿಡಿಗಿಂತ ಮೊದಲು ಹಸಿರು ಮೇವಿನ ಕೊರತೆ, ಕಾಲುಬಾಯಿ ಜ್ವರದ ನಿಯಂತ್ರಣ ಮತ್ತು ಹಳ್ಳಿಮಟ್ಟದ ಶೀತಲೀಕರಣ ಘಟಕಗಳ ಬಗ್ಗೆ ಮಾತನಾಡಬೇಕು.