ನೀರಡಿಕೆಗೂ ಕಟ್‌ಆಫ್ ಡೇಟ್!

ನಮ್ಮ ಮನೆಗೆಲಸಕ್ಕೆ ಬರುವ ಅಫಜಲಪುರ ಕಡೆಯ ಅವ್ವನ ಹತ್ತಿರ 2007ರ ರೇಷನ್ ಕಾರ್ಡ್ ಒಂದಿದೆ. ಪ್ಲಾಸ್ಟಿಕ್ ಕವರು, ಅದರ ಮೇಲೆ ಹಾಲಿನ ಪ್ಯಾಕೆಟ್ ಕತ್ತರಿಸಿ ಹೊದಿಸಿದ ಇನ್ನೊಂದು ಕವರು. ಮುಂಬಯಿಯ ಮಾನಖುರ್ದಿನ ಝೋಪಡಿ ಮಳೆಗಾಲದಲ್ಲಿ ಸೋರುತ್ತದಲ್ಲ. ಮೈ ನೆನೆದರೆ ಒರೆಸಿಕೊಳ್ಳಬಹುದು, ಕಾರ್ಡು ನೆನೆದರೆ ಮುಗಿಯಿತು ಕಥೆ.

ಈ ಕಾರ್ಡಿನ ಮಹಿಮೆ ಕೇಳಿ. 2024ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಇದ್ದಕ್ಕಿದ್ದಂತೆ ಅಕ್ಕತಂಗಿಯರ ನೆನಪಾಯಿತು. (ಚುನಾವಣೆಯ ವರ್ಷ, ರಕ್ತಸಂಬಂಧ ಎಚ್ಚರಾಗುವ ಕಾಲ.) ‘ಲಾಡಕಿ ಬಹೀಣ್’ (ಮುದ್ದಿನ ತಂಗಿ) ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿ. ಊರಲ್ಲೇ ಇದ್ದಿದ್ದರೆ ಗೃಹಲಕ್ಷ್ಮಿಯಾಗಿ 2000 ಸಿಗುತ್ತಿತ್ತು, ಲಕ್ಷ್ಮಿಯಿಂದ ತಂಗಿಯಾಗಿದ್ದಕ್ಕೆ 500 ಲುಕ್ಸಾನು. ಇರಲಿ. ತಂಗಿ, ಅಂದರೆ ಈ ರಾಜ್ಯದ ನಿವಾಸಿ, ಎಂದು ಸಾಬೀತು ಮಾಡಲು 15 ವರ್ಷ ಹಳೆಯ ಕಾರ್ಡ್ ಸಾಕು. ಅವ್ವ ಪಾಸು.

ಅದೇ ಕಾರ್ಡನ್ನು ಮನೆಗೆಂದು ಮುಂದಿಟ್ಟರೆ? ಝೋಪಡಪಟ್ಟಿ ಪುನರ್ವಸತಿಯಲ್ಲಿ ಪುಕ್ಕಟೆ ಮನೆ ಸಿಗುವುದು 1 ಜನವರಿ 2000ಕ್ಕೆ ಅಥವಾ ಅದಕ್ಕೂ ಮೊದಲು ಇದ್ದವರಿಗೆ. ಆಮೇಲಿಂದ 2011ರ ಶುರುವಿನವರೆಗೆ ಬಂದವರು ಎರಡೂವರೆ ಲಕ್ಷ ಎಣಿಸಬೇಕು. ತಂಗಿಯಾಗಲು ಸಾಕಷ್ಟು ಹಳೆಯ ಕಾರ್ಡು, ಮನೆ ಕೇಳಲು ತೀರಾ ಹೊಸದು! ಅಣ್ಣ ಕೊಟ್ಟ 1500ರಲ್ಲಿ ಒಂದು ಪೈಸೆ ಮುಟ್ಟದೆ ಕೂಡಿಟ್ಟರೆ 13 ವರ್ಷ 11 ತಿಂಗಳಿಗೆ ಅಷ್ಟೂ ದುಡ್ಡು ಅಣ್ಣನ ಯೋಜನೆಗೇ ವಾಪಸು. ತವರಿನ ಸೀರೆಗೆ ತವರಿಗೇ ಬಾಡಿಗೆ.

ಆಯ್ತಪ್ಪ, ಮನೆ ಸವಲತ್ತು. ಸವಲತ್ತಿಗೆ ತಾರೀಖು, ಸಹಿ, ಶಿಕ್ಕಾ ಎಲ್ಲ ಇರಬೇಕಾದ್ದೇ. ನೀರು? 2010ರ ಜುಲೈ 28ರಂದು ವಿಶ್ವಸಂಸ್ಥೆ ಅದನ್ನು ಮಾನವ ಹಕ್ಕು ಎಂದಾಗ ಭಾರತವೂ ಪರವಾಗಿ ಮತ ಹಾಕಿತು. ನ್ಯೂಯಾರ್ಕಿನಲ್ಲಿ ಕೈ ಎತ್ತಿದರೆ ಸಾಕು, ಮಾನಖುರ್ದಿನಲ್ಲಿ ಕೊಡ ಎತ್ತಬೇಕು. ಮುಂಬಯಿಯಲ್ಲಿ ಆಗ 1 ಜನವರಿ 2000ದ ನಂತರದ ಗುಡಿಸಲಿಗೆ ನಳ ಇಲ್ಲ. ಅಂದರೆ ಆ ಜನವರಿ 1ರ ರಾತ್ರಿ ರೈಲಿಳಿದವನ ನೀರಡಿಕೆ ಅಧಿಕೃತ, ಮರುದಿನ ಇಳಿದವನದು ಅತಿಕ್ರಮಣ. ನೀರಿನ ಹಕ್ಕಿಗಾಗಿ ಹೋರಾಡುವ ಪಾಣಿ ಹಕ್ಕ್ ಸಮಿತಿ ಹೈಕೋರ್ಟಿಗೆ ಹೋಯಿತು. ಗುಡಿಸಲು ಅಕ್ರಮವಿದ್ದರೂ ನೀರು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2014ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಪಾಲಿಕೆಯ ‘ಎಲ್ಲರಿಗೂ ನೀರು’ ನೀತಿ ಶುರುವಾದದ್ದು 2022ರಲ್ಲಿ. ಪೈಪಿನಲ್ಲಿ ಗಾಳಿ ತುಂಬಿಕೊಂಡಿತ್ತೋ ಏನೋ.

ಮೊನ್ನೆ ಅವ್ವನ ಜೊತೆ ನಳದ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ಬೆಂಚಿನ ಮೇಲೆ ಕೂತು ಫಾರ್ಮು ತುಂಬುತ್ತ, ‘ಎಂದಿನಿಂದ ವಾಸ?’ ಎಂಬಲ್ಲಿ ಪೆನ್ನು ನಿಲ್ಲಿಸಿದೆ. ಅವ್ವ ಬಗ್ಗಿ ನೋಡಿ, “ನೀರಡಿಕಿ ಯಾವಾಗಿಂದ ಐತಿ ಅಂತ ಕೇಳ್ಯಾರೇನ್ರಿ? ಹುಟ್ಟಿದಾಗಿಂದ ಅಂತ ಬರೀರಿ” ಅಂದಳು. ಕೌಂಟರಿನವರು ಕಾರ್ಡನ್ನು ಎರಡೂ ಕವರಿನಿಂದ ಬಿಚ್ಚಿಸಿ, ತಿರುಗಿಸಿ ನೋಡಿ, ಮೂರು ಝೆರಾಕ್ಸ್ ತಗೊಂಡು ಸೋಮವಾರ ಬರಲು ಹೇಳಿದರು.

ಹೊರಗೆ ಬರುವಷ್ಟರಲ್ಲಿ ಅವ್ವನ ಮೊಬೈಲು ಟಿಂಗ್ ಅಂತು. 1500 ಜಮಾ. “ಅಣ್ಣ ಕಳ್ಸ್ಯಾನ” ಎಂದು ನಕ್ಕವಳೇ ಕಾಲು ಚುರುಕು ಮಾಡಿದಳು.

“ಎಲ್ಲಿಗವ್ವಾ ಅವಸರ?”

“ಟ್ಯಾಂಕರಿನಂವಗ ಬಾಕಿ ಕೊಡೂದೈತ್ರಿ. ಅಂವಾ ಒಂದಿನಾನೂ ಕಾರ್ಡ್ ಕೇಳಿಲ್ಲ ನೋಡ್ರಿ.”